ಮರಳಂಚಿನ ಹೊದಿಕೆ

"ಕಾಲು! ಕಾಲು ನೋಡೇ!" ಎಂದು ಸೇವೆಯ ಹೆಂಗಸರನ್ನು ನೋಡಿಕೊಳ್ಳುವ ದೊಡ್ಡಕ್ಕ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಗುಮ್ಮಿ ಓಡಿದಳು. ವೇದಿಕೆಯ ಮುಂದೆ ಅಂಗಾತ ಬಿದ್ದಿದ್ದ ಹೆಂಗಸಿನ ಬಟ್ಟೆ ಮೊಣಕಾಲು ದಾಟಿ ಮೇಲೆ ಸರಿದಿತ್ತು. ಗುಮ್ಮಿ ತನ್ನ ಹೆಗಲಿನಿಂದ ಒಂದು ನೀಲಿ ಹೊದಿಕೆ ತೆಗೆದು, ಒಮ್ಮೆ ಕೊಡವಿ, ಎದೆಯಿಂದ ಪಾದದವರೆಗೆ ಹೊದಿಸಿ ಹಿಂದೆ ಸರಿದು ನಿಂತಳು.

ಇದೇ ಅವಳ ಸೇವೆ. ರೋಗ ವಾಸಿಯಾಗಲೆಂದು ಪ್ರಾರ್ಥಿಸುವ ಸುವಾರ್ತಿಕರು ಹಣೆಯ ಮೇಲೆ ಕೈಯಿಟ್ಟರೆ ಸಾಕು, ಜನ ಬುಡ ಕಡಿದ ಮರದ ಹಾಗೆ ಹಿಂದಕ್ಕೆ ಬೀಳುತ್ತಿದ್ದರು. ಹಿಡಿದು ಮಲಗಿಸಲು ಹಿಂದೆ ಇಬ್ಬರು ಗಟ್ಟಿ ಗಂಡಸರು ನಿಂತಿರುತ್ತಿದ್ದರು. ಬಿದ್ದವರು ಹೆಂಗಸರಾದರೆ ಮಾನ ಮುಚ್ಚುವುದು ಗುಮ್ಮಿಯ ಪಾಲಿಗೆ. ಅದಕ್ಕಿದ್ದ ನಿಯಮ ಒಂದೇ: ಹೊದಿಸಿದ ಮೇಲೆ ಮುಟ್ಟಬಾರದು, ಎಬ್ಬಿಸಬಾರದು. ಪವಿತ್ರಾತ್ಮ ಕೆಲಸ ಮಾಡುವಾಗ ಮನುಷ್ಯರ ಕೈ ಅಡ್ಡ ಬರಕೂಡದು. ಅವರೇ ಏಳುತ್ತಾರೆ. ಏಳುತ್ತಲೂ ಇದ್ದರು, ಕಣ್ಣೊರೆಸಿಕೊಂಡು, ಕೂದಲು ಸರಿಮಾಡಿಕೊಂಡು, ಚಪ್ಪಲಿ ಹುಡುಕಿಕೊಂಡು.

ನಾಲ್ಕು ಜನರೆದುರು ಬಾಯಿ ಬಿಡಲಾರದವಳಿಗೆ ಹೇಳಿ ಮಾಡಿಸಿದ ಕೆಲಸ. ಗುಮ್ಮಿ ಅನ್ನುವುದು ಚಿಕ್ಕಮ್ಮ ಇಟ್ಟ ಹೆಸರು. "ಗುಮ್ಮನ ಗುಸಕ ಇದು. ಬಾಯಿಗೆ ಬೀಗ, ಕಣ್ಣು ಮಾತ್ರ ಊರೆಲ್ಲ ಸುತ್ತುತ್ತೆ" ಎಂದು ನಗುತ್ತಿದ್ದಳು. ತಾಯಿ ಸತ್ತ ಮೇಲೆ ಗುಮ್ಮಿಯನ್ನು ಸಾಕಿದವಳು ಅವಳೇ. ಹೊದಿಕೆಗಳನ್ನೆಲ್ಲ ಹೊಲಿದವಳೂ ಅವಳೇ. ಮೊದಮೊದಲು ಸಭಾಂಗಣದ ದೊಡ್ಡ ಫ್ಯಾನುಗಳ ಗಾಳಿಗೆ ಬಟ್ಟೆ ಹಾರಿ ಇದ್ದ ಮಾನವೂ ಹೋಗುತ್ತಿತ್ತು. ಚಿಕ್ಕಮ್ಮ ಯೋಚಿಸಿ, ಅಂಚುಗಳನ್ನು ಮಡಚಿ, ಒಳಗೆ ಜರಡಿ ಹಿಡಿದ ಮರಳು ತುಂಬಿ ಹೊಲಿದುಕೊಟ್ಟಳು. ಆಮೇಲೆ ಅಂಚು ನೆಲ ಬಿಟ್ಟು ಏಳಲಿಲ್ಲ.

ಆ ಮರಳಂಚು ಹೊಲಿಯುವಾಗಲೇ ಅವಳಿಗೆ ಉಸಿರು ಸಾಲದೆ ಬಂದದ್ದು. ಮೆಷಿನ್ ತುಳಿಯುತ್ತಾ ತುಳಿಯುತ್ತಾ ನಿಲ್ಲಿಸಿ, ಸೂಜಿಯ ಕೆಳಗೆ ಬಟ್ಟೆಯನ್ನು ಹಾಗೇ ಬಿಟ್ಟು, ಎದೆ ಹಿಡಿದುಕೊಂಡು ಕೂರುತ್ತಿದ್ದಳು. ಹೃದಯದ ಕವಾಟ ಸೋರುತ್ತಿದೆ, ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಬೀಗದ ಕೈ ಮಾಡುವ ಚಿಕ್ಕಪ್ಪ, "ನಾಳೇನೇ ಸೇರ್ಸೋಣ" ಎಂದ. ಚಿಕ್ಕಮ್ಮನಿಗೆ ಚಾಕು ಎಂದರೆ ಜೀವವೇ ಬಾಯಿಗೆ ಬರುತ್ತಿತ್ತು. "ಮೊದಲು ಒಂದ್ಸಲ ಪ್ರಾರ್ಥನೆ ಆಗ್ಲಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ" ಎಂದಳು.

ಮುಂದಿನ ಸಾಲಿನಲ್ಲಿ ಜಾಗ ಸಿಗುವುದು ಸುಲಭವಲ್ಲ. ಗುಮ್ಮಿ ಹುಟ್ಟಿದ ಮೇಲೆ ಮೊದಲ ಬಾರಿಗೆ ಇನ್ನೊಬ್ಬರ ಹತ್ತಿರ ಏನಾದರೂ ಕೇಳಿದ್ದಳು. ದೊಡ್ಡಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿ, "ಪರವಾಗಿಲ್ಲ, ನಿಂಗೂ ನಾಲಿಗೆ ಇದೆ" ಎಂದು ಒಪ್ಪಿದ್ದಳು.

ಅದಕ್ಕೇ ಈ ಸಂಜೆ ಚಿಕ್ಕಮ್ಮ ಮುಂದಿನ ಸಾಲಿನಲ್ಲಿದ್ದಳು. ಚಿಕ್ಕಪ್ಪ ಒಳಗೆ ಬರಲಿಲ್ಲ. "ನಂಗೂ ಆ ಗದ್ದಲಕ್ಕೂ ಆಗಿಬರಲ್ಲ, ಗೇಟ್ ಹತ್ರ ಇರ್ತೀನಿ" ಎಂದಿದ್ದ. ಗುಮ್ಮಿ ಪಕ್ಕದಲ್ಲಿ ಹಾದು ಹೋಗುವಾಗ ಚಿಕ್ಕಮ್ಮ ಅವಳ ಕೈ ಎಳೆದಳು.

"ನೋಡು, ನಾನೇನೂ ಬೀಳೋಳಲ್ಲ. ನಿಂತ್ಕೊಂಡೇ ಆಶೀರ್ವಾದ ತಗೋತೀನಿ. ನಾನು ಹೊಲಿದಿದ್ದನ್ನ ನಂಗೇ ಹೊದಿಸೋಕೆ ಬರ್ಬೇಡ."

ಸುವಾರ್ತಿಕರು ಮೆಟ್ಟಿಲಿಳಿದು ಬಂದರು. ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು, ಗಂಟಲು ಕಟ್ಟಿತ್ತು. ಒಬ್ಬೊಬ್ಬರನ್ನೂ ಅವರು ತಮ್ಮ ಮನೆಯವರೇನೋ ಎಂಬಂತೆ ನೋಡುತ್ತಿದ್ದರು. ಗುಮ್ಮಿಗೆ ಅವರ ಮೇಲೆ ನಂಬಿಕೆ ಬಂದದ್ದೇ ಆ ನೋಟದಿಂದ. ಚಿಕ್ಕಮ್ಮನ ಎದುರು ನಿಂತು ಅವರು ಕೈಯೆತ್ತಿದರು. ಕೈ ಹಣೆಗೆ ತಾಗುವ ಮೊದಲೇ ಚಿಕ್ಕಮ್ಮನ ಮೊಣಕಾಲು ಮಡಚಿತು. ಅವಳು ಹಿಂದಕ್ಕೆ ಬೀಳಲಿಲ್ಲ, ಪಕ್ಕಕ್ಕೆ ಕುಸಿದಳು. ಹಿಡಿಯುವವರ ಕೈಗೆ ಗಾಳಿ ಸಿಕ್ಕಿತು.

"ಮುಟ್ಟೋಕೆ ಮುಂಚೇನೇ!" ಎಂದು ಯಾರೋ ಕೂಗಿದರು. "ಮುಟ್ಟೋಕೆ ಮುಂಚೇನೇ ಬಿದ್ಲು!" ಸಭೆಯೆಲ್ಲ ಎದ್ದು ನಿಂತಿತು. ಸ್ತೋತ್ರದ ಕೂಗಿಗೆ ತಗಡಿನ ಮಾಡು ಅದುರಿತು.

ಇಬ್ಬರು ಅವಳನ್ನು ಅಂಗಾತ ಮಾಡಿ ಕೈಕಾಲು ನೀಟಾಗಿ ಇಟ್ಟರು. ಗುಮ್ಮಿ ಹೊದಿಕೆ ಹೊದಿಸಿದಳು. ಸಂತೋಷಕ್ಕೆ ಅಂಚನ್ನು ಎರಡೆರಡು ಸಲ ಸರಿಮಾಡಿದಳು. ಬೀಳೋಳಲ್ಲ ಅಂದವಳು ಬಿದ್ದಿದ್ದಾಳೆ, ಅದೂ ಎಲ್ಲರಿಗಿಂತ ಜೋರಾಗಿ. ಇನ್ನು ಚಾಕು ಬೇಡ. ಹೊದಿಕೆ ಎದೆಯ ಮೇಲೆ ಮೆಲ್ಲಗೆ ಏಳುತ್ತಾ ಇಳಿಯುತ್ತಾ ಇತ್ತು. ಸುವಾರ್ತಿಕರು ಮುಂದಿನವರ ಕಡೆಗೆ ಹೋದರು.

ಹಾಡು ಶುರುವಾಯಿತು. ಗುಮ್ಮಿ ಇನ್ನಿಬ್ಬರಿಗೆ ಹೊದಿಸಿ ಬಂದು ಚಿಕ್ಕಮ್ಮನನ್ನು ನೋಡಿದಳು. ಉಸಿರಾಡುತ್ತಿದ್ದಾಳೆ. ಆದರೆ ಎಷ್ಟು ನಿಧಾನ. ಎದ್ದ ಬಟ್ಟೆ ಇಳಿದು, ಬಹಳ ಹೊತ್ತು ಸುಮ್ಮನಿದ್ದು, ಮತ್ತೆ ಏಳುತ್ತಿತ್ತು. ಗುಮ್ಮಿಯ ಕಣ್ಣು ಅಲ್ಲಿಂದ ಕಂಬದ ಹತ್ತಿರ ನಿಂತ ಫ್ಯಾನಿಗೆ ಹೋಯಿತು. ಫ್ಯಾನು ಕತ್ತು ತಿರುಗಿಸುತ್ತಾ ಈ ಕಡೆ ಬಂತು, ಬಟ್ಟೆ ಎದ್ದಿತು. ಆ ಕಡೆ ಹೋಯಿತು; ಬಟ್ಟೆ ಇಳಿಯಿತು.

ಗುಮ್ಮಿ ದೊಡ್ಡಕ್ಕನ ಹತ್ತಿರ ಹೋದಳು. "ಅಕ್ಕಾ, ಚಿಕ್ಕಮ್ಮ..."

"ಏನೇ? ಜೋರಾಗಿ ಹೇಳು!"

"ಎದೆ ಆಡ್ತಿಲ್ಲ."

ದೊಡ್ಡಕ್ಕ ತಿರುಗಿ ನೋಡಿದಳು. ಅದೇ ಹೊತ್ತಿಗೆ ಫ್ಯಾನು ಈ ಕಡೆ ಬಂದಿತ್ತು. "ಆಡ್ತಿದೆಯಲ್ಲೇ! ಕಣ್ಣು ಕಾಣಲ್ವಾ? ನಿನ್ನವಳು ಅಂತ ನಿಯಮ ಬೇರೆಯಾ? ಹೋಗು, ಆ ಕಡೆ ಇನ್ನೊಬ್ರು ಬಿದ್ರು."

ಗುಮ್ಮಿ ಹೋದಳು. ಆ ಕಡೆ ಬಿದ್ದವಳ ಕಾಲು ಮುಚ್ಚಿದಳು. ಹಾಡು ಮುಗಿದು ಇನ್ನೊಂದು ಹಾಡು ಹಿಡಿದರು. ಅದರ ಅರ್ಧಕ್ಕೆ ಅವಳಿಗೆ ತಡೆಯಲಾಗಲಿಲ್ಲ. ಮಂಡಿಯೂರಿ ಹೊದಿಕೆ ಸರಿಸಿದಳು. ಚಿಕ್ಕಮ್ಮನ ದವಡೆ ಜೋತಿತ್ತು, ಕಟ್ಟಿಸಿದ ಹಲ್ಲು ಜಾಗ ಬಿಟ್ಟಿತ್ತು, ಸದಾ ಬೆಚ್ಚಗಿರುತ್ತಿದ್ದ ಕೈ ತಣ್ಣಗಿತ್ತು. ಗುಮ್ಮಿಯ ಗಂಟಲಿನಿಂದ ಅವಳಿಗೇ ಗುರುತಿಲ್ಲದ ಒಂದು ಕೂಗು ಎದ್ದಿತು.

"ಸ್ತೋತ್ರ! ಸ್ತೋತ್ರ!" ಎಂದರು ಸುತ್ತಲಿನವರು. "ಈ ಹುಡುಗಿಗೂ ಆತ್ಮ ಬಂತು!"

ಗುಮ್ಮಿ ಎದ್ದು, ಅವರನ್ನೆಲ್ಲ ನೂಕಿಕೊಂಡು ಗೇಟಿನ ಕಡೆ ಓಡಿದಳು. ಚಿಕ್ಕಪ್ಪ ಅವಳ ಮುಖ ನೋಡಿದವನೇ ಕೈಲಿದ್ದ ಚಹಾದ ಲೋಟ ಬಿಟ್ಟು ಒಳಗೆ ನುಗ್ಗಿದ. ಆ ಹೊದಿಕೆಯಲ್ಲೇ ಎತ್ತಿಕೊಂಡು ಆಸ್ಪತ್ರೆಗೆ ಹೋದರು. ಬಾಗಿಲಲ್ಲೇ ಡಾಕ್ಟರು ಕಣ್ಣರೆಪ್ಪೆ ಎತ್ತಿ ನೋಡಿ, ಜೀವ ಹೋಗಿದೆ ಎಂದರು.

ಮಣ್ಣಾದ ಮರುದಿನ ಸುವಾರ್ತಿಕರು ಮನೆಗೆ ಬಂದರು. ಕುರ್ಚಿ ಬೇಡವೆಂದು ಹೊಲಿಗೆ ಮೆಷಿನ್ನಿನ ಪಕ್ಕ ನೆಲದ ಮೇಲೆ ಕೂತು ಅತ್ತರು. ಅದು ನಟನೆಯಲ್ಲ ಎಂದು ಗುಮ್ಮಿಗೆ ಗೊತ್ತಾಯಿತು. ಹೊರಡುವಾಗ ಅವರು, "ಕರ್ತನ ಸನ್ನಿಧಿಯಲ್ಲೇ ಕಣ್ಮುಚ್ಚಿದ್ರು. ಇಂಥ ಸಾವು ಎಷ್ಟು ಜನಕ್ಕೆ ಸಿಗುತ್ತೆ?" ಎಂದರು.

"ನಮಗೇನೂ ಅವಸರ ಇರ್ಲಿಲ್ಲ, ಸ್ವಾಮಿ" ಎಂದ ಚಿಕ್ಕಪ್ಪ.

ಅವರು ಹೋದ ಮೇಲೆ ಅವನು ಗುಮ್ಮಿಯ ಮುಖ ನೋಡದೆ ಕೇಳಿದ. "ಎಷ್ಟು ಹೊತ್ತು ಮುಚ್ಚಿಟ್ಟಿದ್ರಿ?"

ಗುಮ್ಮಿ ಮೆಷಿನ್ನಿನ ಕೆಳಗೆ ಬಿದ್ದಿದ್ದ ದಾರದ ತುಂಡು ಹೆಕ್ಕಿದಳು.

"ಕೇಳ್ತಿರೋದು ನಿನ್ನನ್ನೇ."

"ಒಂದೂವರೆ ಹಾಡು" ಎಂದಳು.

ಅವನು ತಲೆಯಾಡಿಸಿದ. ಒಳಗೆ ಹೋಗಿ ಒಗೆದು ಮಡಚಿದ ನೀಲಿ ಹೊದಿಕೆಯನ್ನು ತಂದು ಮೆಷಿನ್ನಿನ ಮೇಲಿಟ್ಟ. "ಆಸ್ಪತ್ರೆಯೋರು ಕೊಟ್ರು. ನಿಮ್ದಂತೆ." ಆಮೇಲೆ ಅವನು ಅವಳೊಡನೆ ಆ ಮಾತು ಎತ್ತಲಿಲ್ಲ. ಬೇರೆ ಮಾತನ್ನೂ ಹೆಚ್ಚು ಆಡಲಿಲ್ಲ.

ಮುಂದಿನ ಕೂಟಕ್ಕೆ ಗುಮ್ಮಿ ಬರುವುದಿಲ್ಲವೆಂದೇ ದೊಡ್ಡಕ್ಕ ಅಂದುಕೊಂಡಿದ್ದಳು. ಬಂದಳು. ಹೊದಿಕೆಗಳನ್ನು ಹೆಗಲಿಗೆ ಹಾಕಿಕೊಂಡು ತನ್ನ ಜಾಗದಲ್ಲಿ ನಿಂತಳು. ವೇದಿಕೆಯ ಮೇಲೆ ಸುವಾರ್ತಿಕರು ಚಿಕ್ಕಮ್ಮನ ಸಾಕ್ಷಿ ಹೇಳುತ್ತಿದ್ದರು: ಹೇಗೆ ಮುಟ್ಟುವ ಮೊದಲೇ ಬಿದ್ದಳು, ಆ ಮುಖದಲ್ಲಿ ಎಂಥ ನಗು ಇತ್ತು. ಜನ ಕಣ್ಣೊರೆಸಿಕೊಂಡರು. ಗುಮ್ಮಿ ಫ್ಯಾನನ್ನೇ ನೋಡುತ್ತಿದ್ದಳು.

ಆಮೇಲೆ ಸಾಲು ಮುಂದೆ ಬಂತು. ಮೊದಲನೆಯ ಹೆಂಗಸು ಬಿದ್ದಳು. ದಪ್ಪನೆಯವಳು, ಚಿಕ್ಕಮ್ಮನದೇ ವಯಸ್ಸು. ಗುಮ್ಮಿ ಹೋಗಿ ಅವಳ ತಲೆಯ ಹತ್ತಿರ ಮಂಡಿಯೂರಿ, ಮೂಗಿನ ಕೆಳಗೆ ಬೆರಳು ಹಿಡಿದಳು.

"ಏನೇ ಅದು? ಮುಚ್ಚು, ಮುಚ್ಚು!" ಎಂದು ದೊಡ್ಡಕ್ಕ ಹಿಂದಿನಿಂದ ಅಂದಳು. "ಕಾಲು ಕಾಣ್ತಿದೆ!"

ಬಿಸಿಯುಸಿರು ಬೆರಳಿಗೆ ತಾಗಿತು. ಇನ್ನೊಮ್ಮೆ ತಾಗಿತು. ಆಚೆ ಇನ್ನೊಬ್ಬಳು ಬಿದ್ದಳು, ಅದರಾಚೆ ಮತ್ತೊಬ್ಬಳು. ಹೆಗಲ ಮೇಲಿನ ಹೊದಿಕೆಗಳು ಭಾರವಾಗಿ ಜೋತಿದ್ದವು. ಗುಮ್ಮಿ ಬೆರಳನ್ನು ಅಲ್ಲೇ ಹಿಡಿದು ಕೂತಿದ್ದಳು.