ಬಿರುಕಿಗೆ ಒಂಬತ್ತು ಅಂಕ

ಏಳನೇ ತರಗತಿಗೆ ಗ್ರಾಫ್ ಕಲಿಸಿದ್ದು ನಾನೇ. ದಿನವೂ ಬದಲಾಗುವ ಯಾವುದನ್ನಾದರೂ ಅಳೆದು ಚುಕ್ಕಿ ಇಡಿ, ಒಂದು ದಿನವೂ ತಪ್ಪಿಸಬೇಡಿ ಎಂದು ಹೇಳಿದ್ದೆ. ಗಿಡದ ಎತ್ತರ, ತಮ್ಮನ ತೂಕ, ಇಂಥವು ಬರುತ್ತವೆ ಎಂದುಕೊಂಡಿದ್ದೆ. ಬಂದವು ಕೂಡ. ಒಬ್ಬ ಮಹಾಶಯ ತನ್ನ ಅಜ್ಜನ ಗಡ್ಡವನ್ನೇ ಅಳೆದುಕೊಂಡು ಬಂದಿದ್ದ. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಮಾತ್ರ ತರಗತಿಯ ಗೋಡೆಯ ಬಿರುಕನ್ನು ಅಳೆದಿದ್ದಳು.

ಅವಳನ್ನು ಎಲ್ಲರೂ ಇರುವೆ ಎಂದೇ ಕರೆಯುವುದು. ಆಳು ಗಿಡ್ಡ, ಒಂದು ಕಡೆ ಕೂರುವ ಜಾಯಮಾನವಲ್ಲ, ಹಿಡಿದ ಕೆಲಸ ಬಿಡುವವಳೂ ಅಲ್ಲ. ಬಿರುಕು ಕಿಟಕಿಯ ಮೂಲೆಯಿಂದ ಹೊರಟು ಸೂರಿನ ಕಡೆಗೆ ಏರಿತ್ತು. ಇವಳು ದಿನವೂ ಬೆಂಚು ಹತ್ತಿ ಅದರ ತುದಿಗೆ ಪೆನ್ಸಿಲ್ ಗುರುತು ಹಾಕಿದ್ದಳು. ಗ್ರಾಫ್ ಮುದ್ದಾಗಿತ್ತು. ಗೆರೆ ಎಲ್ಲೂ ಬಾಗದೆ ಮೇಲಕ್ಕೆ ಹೋಗಿತ್ತು. ಹತ್ತಕ್ಕೆ ಒಂಬತ್ತು ಹಾಕಿದೆ. ತಲೆಬರಹಕ್ಕೆ ಅಡಿಗೆರೆ ಎಳೆದಿರಲಿಲ್ಲ ಎಂದು ಒಂದು ಅಂಕ ಕಳೆದೆ. ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋಗುತ್ತದೆ!

ಊಟದ ಬಿಡುವಿನಲ್ಲಿ ಭಾಷಾ ಪಾಠದ ಮೇಡಂ ನನ್ನ ಪಕ್ಕದಲ್ಲಿ ಕುಳಿತು ಮಕ್ಕಳು ಬರೆದ ಮನವಿ ಪತ್ರಗಳನ್ನು ತಿದ್ದುತ್ತಿದ್ದರು.

"ನೋಡಮ್ಮ, ನಿನ್ನ ಇರುವೆ ಎಷ್ಟು ಚೆನ್ನಾಗಿ ಬರೆದಿದ್ದಾಳೆ. ವಿಷಯ, ಒಕ್ಕಣೆ, ಸಹಿ, ಎಲ್ಲಾ ಅದರದರ ಜಾಗದಲ್ಲೇ ಇದೆ."

ವಿಷಯದ ಮುಂದೆ 'ನಮ್ಮ ಕೊಠಡಿಯ ಗೋಡೆಯ ಬಿರುಕನ್ನು ಬಂದು ನೋಡುವ ಬಗ್ಗೆ' ಎಂದಿತ್ತು. ಅವರೂ ಒಂಬತ್ತೇ ಹಾಕಿದ್ದರು. ದಿನಾಂಕವನ್ನು ತಪ್ಪು ಮೂಲೆಯಲ್ಲಿ ಬರೆದಿದ್ದಳಂತೆ.

"ಯಾರಿಗೆ ಬರೀಬೇಕು ಅಂತ ನನ್ನ ಕೇಳಿದ್ಲು," ಎಂದರು ಸಮಾಜ ವಿಜ್ಞಾನದ ಸರ್, ಡಬ್ಬಿಯಿಂದ ತಲೆ ಎತ್ತದೆ. "ಶಾಲೆ ಕಟ್ಟಡದ ಹೊಣೆ ಯಾರದು ಅಂತ ಹೋದ ವಾರವಷ್ಟೇ ಪಾಠ ಮಾಡಿದ್ದೆ. ನೆನಪಿಟ್ಕೊಂಡಿದ್ಲು ನೋಡಿ."

ವಿಜ್ಞಾನದ ಮೇಡಂ ನಕ್ಕರು. "ನನ್ನನ್ನೂ ಬಿಟ್ಟಿಲ್ಲ. ಬಿಸಿಲಿಗೆ ಗೋಡೆ ಹಿಗ್ಗಿ ಹೀಗಾಗಿದ್ಯಾ ಅಂದ್ಲು. ಹಾಗಿದ್ರೆ ತಣ್ಣಗಾದಾಗ ಕುಗ್ಗಬೇಕು, ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೋಡು ಅಂದೆ."

"ಕುಗ್ತಾ?" ಎಂದೆ.

"ಇಲ್ವಂತೆ. ಆದ್ರೆ ಪ್ರಯೋಗ ನೀಟಾಗಿ ಬರೆದಿದ್ದಾಳೆ."

ನಾಲ್ಕು ವಿಷಯದ ನಾಲ್ಕು ಜನ, ಒಂದೇ ಬಿರುಕಿಗೆ ಅಂಕ ಹಾಕಿ ಹಾಯಾಗಿ ಊಟ ಮಾಡುತ್ತಿದ್ದೆವು. ಆ ಹುಡುಗಿ ಕೇಳಿದ್ದೇನು ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಡಬ್ಬಿ ಮುಚ್ಚಿ ಮೇಲಿನ ಮಹಡಿಯ ಆ ಕೊಠಡಿಗೆ ಓಡಿದೆ. ಸ್ಕೇಲಿನ ಅಂಚನ್ನು ಬಿರುಕಿಗೆ ಹಿಡಿದರೆ ಸಲೀಸಾಗಿ ಒಳಗೆ ಹೋಯಿತು. ಗೋಡೆಯಿಂದ ಪುಡಿ ಉದುರಿ ನನ್ನ ಚಪ್ಪಲಿಯ ಮೇಲೆ ಬಿತ್ತು. ಗ್ರಾಫ್ ಹಿಡಿದುಕೊಂಡು ನೇರ ಹೆಡ್‌ಮಾಸ್ಟರ್ ಕೋಣೆಗೆ ಹೋದೆ.

ಹೆಡ್‌ಮಾಸ್ಟರ್ ಕೆಟ್ಟವರಲ್ಲ. ಎಲ್ಲದಕ್ಕೂ ಮೇಲಿನವರಿಗೆ ಲೆಕ್ಕ ಕೊಟ್ಟು ಕೊಟ್ಟು ಸುಸ್ತಾಗಿರುವ ಮನುಷ್ಯ. ಗ್ರಾಫನ್ನು ಕನ್ನಡಕ ಏರಿಸಿ ನೋಡಿದರು.

"ಗಾರೆ ಬಿಟ್ಟಿರೋದು ಮೇಡಂ ಅದು. ರಜೆಯಲ್ಲಿ ಸುಣ್ಣ ಹೊಡೆಸಿದ್ರೆ ಆಯ್ತು."

"ದಿನಾ ಬೆಳೀತಿದೆ ಸರ್. ಮಕ್ಕಳನ್ನ ಬೇರೆ ಕಡೆ ಕೂರಿಸೋಣ."

"ಎಲ್ಲಿ ಕೂರಿಸ್ತೀರಿ? ಪರೀಕ್ಷೆ ತಲೆ ಮೇಲಿದೆ. ಒಂದು ಕೊಠಡಿ ಖಾಲಿ ಇದ್ರೆ ನೀವೇ ತೋರ್ಸಿ." ಆಮೇಲೆ ದನಿ ತಗ್ಗಿಸಿದರು. "ನೋಡಿ, ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ. ನಾನು ನಿಮ್ಮ ಬಗ್ಗೆ ಒಳ್ಳೇದೇ ಬರೀಬೇಕು ಅಂತಿದ್ದೀನಿ. ಮಕ್ಕಳಿಗೆ ಗಾಬರಿ ಹುಟ್ಟಿಸ್ತಾರೆ ಅಂತ ಬರೆಯೋ ಹಾಗೆ ಮಾಡ್ಬೇಡಿ."

ಗದರಿಸಿದ್ದರೆ ತಿರುಗಿ ಮಾತಾಡಬಹುದಿತ್ತೇನೋ. ಮೆತ್ತಗೆ ಹೇಳಿದ್ದಕ್ಕೆ ಗ್ರಾಫ್ ಮಡಚಿಕೊಂಡು ಹೊರಗೆ ಬಂದೆ.

ಸಂಜೆ ಅಕ್ಕನ ಮುಂದೆ ಹೇಳಿಕೊಂಡೆ. ಅವಳು ಬಟ್ಟೆ ಮಡಿಸುತ್ತಾ, "ನಿನ್ನದು ಯಾವಾಗಲೂ ಇದ್ದದ್ದೇ ಕಣೇ. ಬೀಗ ಹಾಕಿದ್ದೀನಾ ಅಂತ ಬೀದಿ ಕೊನೆಯಿಂದ ವಾಪಸ್ ಬರೋಳು ನೀನು. ಈಗ ಗೋಡೆ ಸರದಿ," ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಅದೇ ನನ್ನ ಸಂಕಟವಾಗಿತ್ತು. ಹೆದರುಪುಕ್ಕಲಿಗೆ ನಿಜವಾದ ಭಯ ಬಂದರೆ ಅದನ್ನು ಗುರುತು ಹಿಡಿಯುವುದು ಹೇಗೆ?

ಮರುದಿನ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದರೂ ಕಿವಿ ಗೋಡೆಯ ಕಡೆಗೇ ಇತ್ತು. ಯಾರೋ ಬೆಂಚು ಎಳೆದರೆ ಥಟ್ಟನೆ ತಿರುಗಿ ಬಿರುಕನ್ನು ನೋಡುತ್ತಿದ್ದೆ. ಇರುವೆ ಕೈ ಎತ್ತಿದಳು.

"ಮಿಸ್, ಗೆರೆಯನ್ನ ಹಾಗೇ ಮುಂದಕ್ಕೆ ಎಳೆದು ನೋಡ್ದೆ. ಪರೀಕ್ಷೆ ವಾರದಲ್ಲಿ ಅದು ಸೂರನ್ನ ಮುಟ್ಟುತ್ತೆ. ಮುಟ್ಟಿದ ಮೇಲೆ ಏನಾಗುತ್ತೆ?"

ಇಡೀ ತರಗತಿ ನನ್ನ ಮುಖವನ್ನೇ ನೋಡಿತು. ಸುಣ್ಣ ಹೊಡೆಸುತ್ತಾರೆ ಎಂದು ಹೇಳಲು ನಾಲಿಗೆ ಹೊರಳಲಿಲ್ಲ.

"ಪುಸ್ತಕ ತಗೊಳ್ಳಿ. ಎಲ್ಲರೂ ಕೆಳಗೆ," ಎಂದೆ.

ಮಕ್ಕಳಿಗೆ ಹಬ್ಬವೋ ಹಬ್ಬ. ಅಂಗಳದ ಸಿಮೆಂಟಿನ ಮೇಲೆ ಚಾಕ್‌ಪೀಸಿನಲ್ಲಿ ಆಯತ ಬರೆದು ಕ್ಷೇತ್ರಫಲ ಹೇಳಿಕೊಟ್ಟೆ. ಅದರ ಮರುದಿನವೂ ಅಲ್ಲೇ ಕೂರಿಸಿದೆ. ಉಳಿದ ವಿಷಯದವರೂ ಗೊಣಗುತ್ತಲೇ ಅಲ್ಲಿಗೇ ಬಂದು ಪಾಠ ಮಾಡಿದರು. ಹೆಡ್‌ಮಾಸ್ಟರ್ ಹೋಗುತ್ತಾ ಬರುತ್ತಾ, "ಗೋಡೆ ಬಿತ್ತಾ ಮೇಡಂ?" ಎಂದು ಕೇಳತೊಡಗಿದರು. ಮೊದಲು ತಮಾಷೆಗೆ ಕೇಳುತ್ತಿದ್ದರು, ಆಮೇಲೆ ತಮಾಷೆ ಹೋಯಿತು.

ಗೋಡೆ ಬೀಳಲಿಲ್ಲ. ಕೆಳಗಿನಿಂದ ಕತ್ತೆತ್ತಿ ನೋಡಿದರೆ ಬೇರೆ ಗೋಡೆಗಳ ಹಾಗೇ ಸಾಧುವಾಗಿ ನಿಂತಿತ್ತು. ನನಗೆ ಅದರ ಮೇಲೆ ಸಿಟ್ಟು ಬಂತು. ಬೀಳುವುದಿದ್ದರೆ ಬಿದ್ದುಬಿಡಬಾರದೇ, ಒಳಗೆ ಹೇಗೂ ಯಾರೂ ಇಲ್ಲ, ನನ್ನ ಮಾನವಾದರೂ ಉಳಿಯುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮೂರನೆಯ ದಿನ ಹೆಡ್‌ಮಾಸ್ಟರ್ ನೇರವಾಗಿ ಅಂಗಳಕ್ಕೇ ಬಂದರು. "ಸಾಕು ಮೇಡಂ. ಈಗಲೇ ಮಕ್ಕಳನ್ನ ಮೇಲೆ ಕರ್ಕೊಂಡು ಹೋಗಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಬೇರೆಯವರು ಕರ್ಕೊಂಡು ಹೋಗ್ತಾರೆ."

ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಹೊತ್ತು ದೂಡಲು ಎಣಿಸಿದೆ. ಒಂದು ತಲೆ ಕಡಿಮೆ ಬಂತು.

"ಇರುವೆ ಎಲ್ಲಿ?"

"ಮೇಲಿದ್ದಾಳೆ ಮಿಸ್," ಎಂದ ಅಜ್ಜನ ಗಡ್ಡದ ಹುಡುಗ. "ಇವತ್ತಿನ ಚುಕ್ಕಿ ಇಡಕ್ಕೆ ಹೋದ್ಲು. ನೀವೇ ಹೇಳಿದ್ರಲ್ಲ, ಒಂದಿನಾನೂ ತಪ್ಪಿಸಬೇಡಿ ಅಂತ."

ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಬೀಳಬೇಡ, ಈಗ ಮಾತ್ರ ಬೀಳಬೇಡ ಎಂದು ಆ ಗೋಡೆಗೇ ಬೇಡಿಕೊಳ್ಳುತ್ತಾ ಓಡಿದೆ. ಹಿಂದಿನಿಂದ ಹೆಡ್‌ಮಾಸ್ಟರ್ ಏದುಸಿರು ಬಿಡುತ್ತಾ ಬರುವುದು ಕೇಳಿಸಿತು.

ಅವಳು ಬೆಂಚಿನ ಮೇಲೆ ತುದಿಗಾಲಲ್ಲಿ ನಿಂತು ಸ್ಕೇಲನ್ನು ಗೋಡೆಗೆ ಒತ್ತಿ ಹಿಡಿದಿದ್ದಳು. ಒಳಗೆ ನುಗ್ಗಿ ಅವಳ ಸೊಂಟಕ್ಕೆ ಕೈ ಹಾಕಿ ಎತ್ತಿಕೊಂಡೆ. ಸ್ಕೇಲು ಕೈಜಾರಿ ನೆಲದ ಮೇಲೆ ಸರಿದು ಬಾಗಿಲ ಬಳಿ ನಿಂತಿತು.

"ಸರ್, ಅದನ್ನ ಸ್ವಲ್ಪ ಎತ್ಕೊಡ್ತೀರಾ?" ಎಂದಳು ಇರುವೆ, ನನ್ನ ತೋಳಿನಲ್ಲಿದ್ದುಕೊಂಡೇ.

ಹೆಡ್‌ಮಾಸ್ಟರ್ ಹೊಸ್ತಿಲ ಆಚೆ ನಿಂತಿದ್ದರು. ಸ್ಕೇಲು ಅವರಿಗೆ ಒಂದೇ ಹೆಜ್ಜೆ ದೂರದಲ್ಲಿತ್ತು. ಒಂದು ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು, ಕಣ್ಣು ಬಿರುಕಿನ ಮೇಲೆ ನೆಟ್ಟಿತ್ತು.

"ಅದು ಹಾಳಾಗ್ಲಿ ಬಿಡು. ಬನ್ನಿ ಮೇಡಂ, ಇಬ್ಬರೂ ಬೇಗ ಹೊರಗೆ ಬನ್ನಿ."

ಹೊರಗೆ ಬಂದೆವು. ಅವಳನ್ನು ಕೆಳಗಿಳಿಸಿ ಗೋಡೆಗೊರಗಿದೆ, ತಕ್ಷಣ ಬೆಚ್ಚಿ ದೂರ ಸರಿದೆ.

"ಮಿಸ್, ಇವತ್ತು ಬೆಳೆದೇ ಇಲ್ಲ," ಎಂದಳು ಇರುವೆ. ಅವಳ ದನಿಯಲ್ಲಿ ನಿರಾಸೆ ಇತ್ತು. "ನಿನ್ನೆ ಎಲ್ಲಿತ್ತೋ ಅಲ್ಲೇ ಇದೆ."

ನನಗೆ ಅಳು ಬರುವಷ್ಟು ಸಂತೋಷವಾಯಿತು. ಹೆಡ್‌ಮಾಸ್ಟರ್ ಈಗ 'ನೋಡಿದ್ರಾ ಮೇಡಂ' ಎನ್ನುತ್ತಾರೆ, ನನ್ನ ಕಥೆ ಇಲ್ಲಿಗೆ ಮುಗಿಯಿತು ಎಂದು ಕಾದೆ. ಅವರು ಮಾತ್ರ ಬಾಗಿಲು ಎಳೆದುಕೊಂಡು ಚಿಲಕ ಹಾಕಿದರು.

"ಬೆಳೆದಿಲ್ಲ ಅಂದ್ಮೇಲೆ ನಾವು ಒಳಗೆ ಕೂರಬಹುದಲ್ವಾ ಸರ್?" ಎಂದು ಇರುವೆ ಕೇಳಿದಳು.

ಅವರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ತಿರುಗಿ, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎಳೆದೆಳೆದು ನೋಡತೊಡಗಿದರು.