ಹಿನ್ನೀರು ದಾಟಲು ಹೊರಟ ಕೋವಿ

ಭತ್ತ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಗಳಿಗೆ ಯಾರು ಸುದ್ದಿ ಮುಟ್ಟಿಸುತ್ತಾರೋ ಗೊತ್ತಿಲ್ಲ. ಒಮ್ಮೆ ಬಂದವೆಂದರೆ ತಿನ್ನುವುದು ಸ್ವಲ್ಪ, ಹೊರಳಾಡಿ ಹಾಳು ಮಾಡುವುದೇ ಹೆಚ್ಚು. ಆ ವರ್ಷ ಅವು ಭದ್ರಾ ಹಿನ್ನೀರಿನ ಆಚೆ ದಡದಲ್ಲಿದ್ದ ಸೀತಕ್ಕನ ಗದ್ದೆಗೆ ನುಗ್ಗಿದವು. ಸೀತಕ್ಕ ಅಣ್ಣನಿಗೆ ಫೋನು ಮಾಡಿ ಅತ್ತಳು. ಅಣ್ಣ ವಾಸಪ್ಪಗೌಡರ ಮನೆ ಈಚೆ ದಡದಲ್ಲಿ, ನರಸಿಂಹರಾಜಪುರ ತಾಲ್ಲೂಕಿನಲ್ಲಿ. ಅವರು ಫೋನಿಟ್ಟವರೇ ಗೋಡೆಯ ಮೇಲಿದ್ದ ಕೋವಿ ಇಳಿಸಿದರು.

ಕೋವಿಯೇನೂ ಕಳ್ಳಮಾಲಲ್ಲ. ಬೆಳೆ ಕಾಯಲೆಂದು ಸರ್ಕಾರವೇ ಕೊಟ್ಟ ಲೈಸೆನ್ಸಿತ್ತು. ಕಾಲಕಾಲಕ್ಕೆ ನವೀಕರಣವೂ ಆಗಿತ್ತು. ಗೌಡರ ಧೈರ್ಯವೆಲ್ಲ ಅದೇ.

ಅಂಗಳದಲ್ಲಿ ಕುಮಾರ ಬೇಲಿಗೆ ಗೂಟ ಕೆತ್ತುತ್ತಿದ್ದ. ಶಾಲೆ ಬಿಟ್ಟ ಮಾರನೇ ದಿನದಿಂದಲೇ ಗೌಡರ ಮನೆಗೆ ಕೂಲಿಗೆ ಬರುತ್ತಿದ್ದ ಹುಡುಗ, ಈಗ ಗಡ್ಡ ಮೀಸೆ ಬಂದ ಗಂಡಸಾಗಿದ್ದ.

“ಕುಮಾರ, ಕತ್ತಿ ಕೆಳಗಿಡು ಮಾರಾಯ. ನಾಳೆ ಬೆಳಿಗ್ಗೆ ಈ ಕೋವಿ ಹಿಡ್ಕೊಂಡು ಧರ್ಮಪ್ಪನ ದೋಣಿ ಹತ್ತು. ಗೋಣಿಚೀಲದಲ್ಲಿ ಸುತ್ತಿ ಕೊಡ್ತೀನಿ. ನಾನು ಪೇಟೆ ಕೆಲಸ ಮುಗಿಸಿ ಬಸ್ಸಲ್ಲಿ ಸುತ್ತಿ ಬರ್ತೀನಿ.”

“ಬಸ್ಸಲ್ಲೇ ಕೋವಿನೂ ಒಯ್ಬಹುದಲ್ಲ ಗೌಡ್ರೇ?”

“ರಸ್ತೇಲಿ ಪೊಲೀಸ್ರು ಬಸ್ ನಿಲ್ಸಿ ಚೀಲ ಬಿಚ್ಚಿಸ್ತಾರೆ. ನೀರಿನ ಮೇಲೆ ಯಾರು ಕೇಳ್ತಾರೆ? ಮೀನು ಕೇಳ್ತದಾ?”

ಕುಮಾರ ಕತ್ತಿ ಕೆಳಗಿಟ್ಟು ಎದ್ದು ನಿಂತ. ಇದೇ ಗೋಣಿಚೀಲದ ಮಾತನ್ನು ಅವನ ಅಣ್ಣ ನಾಗಪ್ಪನಿಗೆ ಇನ್ನೊಬ್ಬ ಧಣಿ ಹೇಳಿದ್ದ. ಅಣ್ಣ ತಲೆಯಾಡಿಸಿ ದೋಣಿ ಹತ್ತಿದ. ಅಭಯಾರಣ್ಯದ ಅಂಚಿನಲ್ಲಿ ಫಾರೆಸ್ಟಿನವರು ದೋಣಿ ನಿಲ್ಲಿಸಿ, ಚೀಲದಲ್ಲಿದ್ದ ಕೋವಿ ಹಿಡಿದರು. ‘ನಾನು ಕೊಟ್ಟಿಲ್ಲ, ಅವನೇ ಕದ್ದೊಯ್ದಿದ್ದು’ ಎಂದು ಧಣಿ ಕೈ ಕೊಡವಿಬಿಟ್ಟ. ನಾಗಪ್ಪ ಇಂದಿಗೂ ಕೂಲಿ ಬಿಟ್ಟು ಕೋರ್ಟಿಗೆ ಅಲೆಯುತ್ತಿದ್ದಾನೆ.

“ನಾ ಒಯ್ಯಲ್ಲ ಗೌಡ್ರೇ.”

“ಎಂತದಾ? ಭಾರ ಆಯ್ತಾ?”

“ಆ ಲೈಸೆನ್ಸಲ್ಲಿ ನನ್ನ ಹೆಸರು ಎಲ್ಲುಂಟು?”

“ನಿನ್ನ ಹೆಸರು ಎಂತಕ್ಕೆ? ನಂದುಂಟಲ್ಲ, ಸಾಕು.”

“ನಿಮ್ಮ ಹೆಸರಿನ ಕೋವಿ ನನ್ನ ಕೈಲಿ ಸಿಕ್ಕಿದ್ರೆ ಜೈಲಿಗೆ ಹೋಗೋನು ನಾನು.”

ಗೌಡರ ಹೆಂಡತಿ ಶೇಷಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಗೌಡರು ಅವರ ಕಡೆ ತಿರುಗಿದರು.

“ಕೇಳ್ದ್ಯಾ ಇವನ ಮಾತು? ನಮ್ಮ ನಾಟಿಗೆ ಸೀತಕ್ಕನ ಮನೆಯೋರು ದೋಣಿ ತುಂಬ ಬಂದ್ರು. ಅವರು ನಮ್ಮಲ್ಲಿ ದುಡಿದ್ರೆ ನಾವು ಅವರಲ್ಲಿ ದುಡೀಬೇಕು. ಮುಯ್ಯಾಳು ಅಂದ್ರೆ ಅದೇ ಅಲ್ವಾ? ಅವರು ಆಳು ಕಳ್ಸಿದ್ರು, ನಾನು ಕೋವಿ ಕಳಿಸ್ತೀನಿ. ಡ್ಯಾಮ್ ಕಟ್ಟೋಕೆ ಮುಂಚೆ ಅದೂ ಇದೂ ಒಂದೇ ಊರು ಕಣೇ. ನಮ್ಮ ಗದ್ದೆಯಿಂದ ನಮ್ಮ ಗದ್ದೆಗೆ ಕೋವಿ ಹೋಗೋಕೆ ಯಾರಪ್ಪನ ಅಪ್ಪಣೆ ಬೇಕು?”

“ನಿಮಗೆ ಒಂದೇ ಊರು. ಆಚೆ ದಡ ಬೇರೆ ಜಿಲ್ಲೆ, ಶಿವಮೊಗ್ಗ,” ಎಂದ ಕುಮಾರ. “ಲೈಸೆನ್ಸಿಗೆ ನಿಮ್ಮ ನೆಂಟಸ್ತಿಕೆ ಗೊತ್ತಿಲ್ಲ.”

“ಹಾಗಾದ್ರೆ ನಾನೇ ಹಿಡ್ಕೊಂಡು ದೋಣಿ ಹತ್ತುತ್ತೀನಿ. ಆಯ್ತಾ?”

“ಅದೂ ತಪ್ಪೇ.”

“ನೀನು ಯಾವಾಗ ಲಾಯರ್ ಆದ್ಯೋ?”

“ನಾನು ಆಗ್ಲಿಲ್ಲ. ನಮ್ಮಣ್ಣನ ಜೊತೆ ಕೋರ್ಟ್ ಕಟ್ಟೆ ಮೇಲೆ ಕೂತು ಕೂತು ಕಿವಿಗೆ ಬಿತ್ತು.”

ಶೇಷಮ್ಮ ಗಂಡನ ಕೈಯಿಂದ ಕೋವಿ ತೆಗೆದುಕೊಂಡು ಗೋಡೆಗೆ ತಗುಲಿಹಾಕಿದರು. “ಇಬ್ಬರೂ ಇಲ್ಲಿ ಕಿತ್ತಾಡಬೇಡಿ. ಠಾಣೆಗೆ ಹೋಗಿ ಕೇಳಿ. ಕೇಳೋಕೆ ಎಂತ ನಾಚಿಕೆ?”

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಗಜಾನನ ಇದ್ದರು. ಇಬ್ಬರ ಮಾತನ್ನೂ ಕೇಳಿ, ಗೌಡರ ಕೈಯಲ್ಲಿದ್ದ ಲೈಸೆನ್ಸ್ ಬಿಡಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಈ ಕೋವಿ ಎಲ್ಲಿವರೆಗೆ ನಡೀತದೆ ಅಂತ ಇಲ್ಲೇ ಉಂಟು ಗೌಡ್ರೇ. ನಿಮ್ಮ ತಾಲ್ಲೂಕು. ಅದರಾಚೆ ಒಯ್ಬೇಕಿದ್ರೆ ಲೈಸೆನ್ಸ್ ಕೊಟ್ಟ ಕಚೇರಿಯಿಂದ ಮೊದಲೇ ಅನುಮತಿ ಬೇಕು. ಬಸ್ಸಾದ್ರೂ ಅಷ್ಟೆ, ದೋಣಿಯಾದ್ರೂ ಅಷ್ಟೆ.”

“ನೀರಲ್ಲಿ ಗಡಿ ಎಲ್ಲಿ ಕಾಣ್ತದೆ ಸಾಹೇಬ್ರೇ?”

“ಮಳೆಗಾಲದಲ್ಲಿ ಗದ್ದೆ ಬದು ಮುಳುಗ್ತದೆ. ಆವಾಗ ಪಕ್ಕದವನ ಗದ್ದೆ ನಿಮ್ಮದಾಗ್ತದಾ?”

ಗಜಾನನ ಬಿಡಲಿಲ್ಲ. “ನಡುವೆ ದೋಣಿ ಅಭಯಾರಣ್ಯದ ಅಂಚಿಗೆ ಹೋಗ್ತದೆ. ಅದರೊಳಗೆ ಕೋವಿ ಒಯ್ಯೋಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇರೆ ಬೇಕು. ಸುಮ್ಮನೆ ದಾಟ್ತಾ ಇದ್ದೆ ಅಂದ್ರೆ ನಡೆಯಲ್ಲ. ಇನ್ನು ನಿಮ್ಮ ಕೋವಿ ಇವನ ಕೈಗೆ ಕೊಡೋದಂತೂ ಕನಸಲ್ಲೂ ಬೇಡ. ಸಿಕ್ಕಿಬಿದ್ರೆ ಇವನ ಮೇಲೂ ಕೇಸು, ನಿಮ್ಮ ಮೇಲೂ ಕೇಸು. ಕೋವಿ ಜಪ್ತಿ. ಲೈಸೆನ್ಸ್ ರದ್ದಾದ್ರೂ ಆಯ್ತು.”

“ಹಾಗಾದ್ರೆ ನನ್ನ ತಂಗಿ ಗದ್ದೆ ಹಂದಿಗೆ ಬಿಡೋದಾ?”

“ನಿಮ್ಮ ತಂಗಿ ಗಂಡ ಅವರ ಜಿಲ್ಲೇಲಿ ಅವರ ಹೆಸರಿಗೆ ಅರ್ಜಿ ಹಾಕ್ಲಿ. ಅಲ್ಲಿವರೆಗೆ ನೀವು ಹೋಗಿ ಕಾಯಿರಿ, ಯಾರು ಬೇಡ ಅಂದ್ರು? ಮುಯ್ಯಾಳಾಗಿ ಮನುಷ್ಯ ಹೋಗಬಹುದು. ಕೋವಿ ಹೋಗೋ ಹಾಗಿಲ್ಲ.”

ಹೊರಗೆ ಬಂದಮೇಲೆ ಗೌಡರು ಗೊಣಗಿದರು. “ಕೇಸಾದ್ರೆ ಆಗ್ತಿತ್ತು. ಒಬ್ಬ ಒಳ್ಳೇ ಲಾಯರ್ ಹಿಡಿದಿದ್ರೆ ಆಯ್ತಪ್ಪ.”

ಕುಮಾರ ನಡುರಸ್ತೆಯಲ್ಲೇ ನಿಂತುಬಿಟ್ಟ.

“ನಿಮಗೆ ಲಾಯರ್ ಸಿಗ್ತಾರೆ ಗೌಡ್ರೇ. ನಮ್ಮಣ್ಣಂಗೆ ಜಾಮೀನಿಗೆ ನಿಲ್ಲೋ ಜನ ಸಿಗ್ಲಿಲ್ಲ. ಪಹಣಿ ಇರೋರು ಬೇಕು ಅಂದ್ರು. ನಮ್ಮ ಹತ್ರ ಎಲ್ಲುಂಟು ಪಹಣಿ? ಅವತ್ತು ನಿಮ್ಮ ಜಗುಲಿಗೂ ಬಂದಿದ್ದೆ. ನೀವು ಒಳಗೇ ಇದ್ದು ಇಲ್ಲ ಅಂತ ಹೇಳಿಸಿದ್ರಿ.”

ಊರಿಗೆ ಮರಳುವ ಬಸ್ಸಿನಲ್ಲಿ ಗೌಡರು ಕುಮಾರನ ಪಕ್ಕದಲ್ಲೇ ಬಂದು ಕೂತರು.

“ಕೋವಿ ನಾಗಪ್ಪಂಗೆ ಕೊಟ್ಟಿದ್ದು ಅವನ ಧಣಿಯೇ,” ಎಂದರು ಮೆಲ್ಲಗೆ. “ಮದುವೆ ಮನೇಲಿ ನನ್ನ ಹತ್ರ ಬಾಯಿಬಿಟ್ಟು ಹೇಳಿದ್ದ.”

“ಗೊತ್ತಿದ್ದೂ ಸುಮ್ನಿದ್ರಾ?”

“ಇದ್ದೆ ಮಾರಾಯ.”

ಮಾರನೇ ಬೆಳಿಗ್ಗೆ ಗೌಡರು ಹಳೇ ಎಣ್ಣೆ ಡಬ್ಬಗಳನ್ನು ಚೀಲಕ್ಕೆ ತುಂಬಿಕೊಂಡು ಧರ್ಮಪ್ಪನ ದೋಣಿ ಹತ್ತಿದರು. ಕುಮಾರ ತಾನಾಗಿಯೇ ಜೊತೆಗೆ ಹತ್ತಿದ. ನಡುನೀರಿನಲ್ಲಿ ಫಾರೆಸ್ಟಿನವರ ದೋಣಿ ಅಡ್ಡ ಬಂತು.

“ಚೀಲದಲ್ಲಿ ಎಂತ?”

“ಡಬ್ಬ ಸ್ವಾಮಿ. ಹಂದಿಗೆ ವಾಲಗ ಊದಿಸೋಕೆ,” ಎಂದರು ಗೌಡರು. ಫಾರೆಸ್ಟಿನವರು ಚೀಲವನ್ನು ಬುಡದವರೆಗೆ ತಡಕಿ, ನಕ್ಕು ಬಿಟ್ಟರು. ಕೋವಿ ಸಿಕ್ಕಿದ್ದರೆ ಧರ್ಮಪ್ಪನ ದೋಣಿಗೂ ಕುತ್ತು ಬರುತ್ತಿತ್ತು.

ಸರದಿಯ ಮೇಲೆ ಕಾದು, ಡಬ್ಬ ಬಡಿದು, ಬೆಂಕಿ ಹಾಕಿ ಸೀತಕ್ಕನ ಗದ್ದೆಯನ್ನು ಬಹುಪಾಲು ಉಳಿಸಿಕೊಂಡರು. ಅವಳ ಗಂಡ ಲೈಸೆನ್ಸಿಗೆ ಅರ್ಜಿಯನ್ನೂ ಹಾಕಿದ. ನಾಗಪ್ಪನ ಕೇಸಿನ ಮುಂದಿನ ತಾರೀಖಿಗೆ ಗೌಡರು ಬಿಳಿ ಅಂಗಿ ತೊಟ್ಟು ಕೋರ್ಟಿಗೆ ಬಂದು, ನಾಗಪ್ಪನ ವಕೀಲರ ಮುಂದೆ ನಿಂತರು. “ಕೋವಿ ಕೊಟ್ಟಿದ್ದು ಯಾರು ಅಂತ ನಂಗೆ ಗೊತ್ತುಂಟು. ನನ್ನ ಹೆಸರು ಸಾಕ್ಷಿಗೆ ಬರ್ಕೊಳ್ಳಿ.”

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಕೋವಿ ಇದೆಯೇ? ಇವತ್ತೇ ಲೈಸೆನ್ಸ್ ತೆಗೆದು, ಅದು ಎಲ್ಲಿಯವರೆಗೆ ನಡೆಯುತ್ತದೆಂದು ಓದಿ. ಓದಲು ಬಾರದಿದ್ದರೆ ಓದಿಸಿ ಕೇಳಿ. ಹೊಳೆ, ಹಿನ್ನೀರು, ಕಾಡಿನ ಗಡಿ ದಾಟುವ ಮೊದಲು ಠಾಣೆಯಲ್ಲಿ ವಿಚಾರಿಸಿ. ಅನುಮತಿ ಸಿಕ್ಕರೂ ತೋಟಾ ತೆಗೆದು ಬೇರೆ ಇಟ್ಟು, ಖಾಲಿ ಕೋವಿಯನ್ನು ಲೈಸೆನ್ಸಿನಲ್ಲಿ ಹೆಸರಿದ್ದವರೇ ಒಯ್ಯಿರಿ. ಕೂಲಿಯವನ ಹೆಗಲು ನಿಮ್ಮ ಕೋವಿ ಹೊರಲು ಇರುವುದಲ್ಲ. ದೋಣಿ ನಡೆಸುವವರೇ, ಸುತ್ತಿದ ಗೋಣಿಚೀಲ ಬಂದರೆ ಬಿಚ್ಚಿಸಿ ನೋಡಿ. ಕೂಲಿ ಮಾಡುವ ತಮ್ಮಂದಿರೇ, ಧಣಿ ಎಷ್ಟು ದೊಡ್ಡವನಾದರೂ ಸರಿ, ‘ಒಯ್ಯಲ್ಲ’ ಎನ್ನಿ. ಗಟ್ಟಿಯಾಗಿ ಎನ್ನಿ.