ಉಣ್ಣೆಗೆ ಬಾಜಿ ಕಟ್ಟಿದ ಮೀಸೆ

ಅಮ್ಮ ಕರುವಿನ ಕಿವಿಯನ್ನು ಮಡಿಸಿ ಹಿಡಿದಳು. ನಾನು ಒಳಗಿನ ಉಣ್ಣೆಗಳನ್ನು ಒಂದೊಂದಾಗಿ ಕಿತ್ತು ಸೋಪು ನೀರಿದ್ದ ತೆಂಗಿನ ಚಿಪ್ಪಿಗೆ ಹಾಕಿದೆ. ಕಿವಿ ಮುಗಿಯಿತು, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಮುಗಿಯಿತು, ಬಾಲದ ಬುಡಕ್ಕೆ ಬಂದೆವು. ಔಷಧಿ ಹಚ್ಚಿ ವಾರವೂ ಆಗಿರಲಿಲ್ಲ.

ಹೋದ ವರ್ಷದ ಕರುವಿಗೂ ಹೀಗೇ ಕಿತ್ತಿದ್ದೆವು. ಉಣ್ಣೆ ಜ್ವರ ಬಂದು, ಕೆಚ್ಚಲಿಗೆ ಬಾಯಿ ಹಾಕಲೂ ಶಕ್ತಿಯಿಲ್ಲದೆ ಅದು ಸತ್ತಿತು. ಈ ಕರು ಹುಟ್ಟಿದ ದಿನ ಅಮ್ಮ, "ಉಳಿದ್ರೆ ಇದು ನಿಂದು ಕಣೇ" ಅಂದಿದ್ದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ, ನನ್ನದು ಅಂತ ಯಾರೂ ಏನನ್ನೂ ಕೊಟ್ಟಿರಲಿಲ್ಲ.

ಆ ಸಂಜೆ ಹಾಲಿನ ಡೈರಿಗೆ ಚಿಂತಾಮಣಿಯಿಂದ ದನದ ಡಾಕ್ಟರು ಮೇಧಾ ಬಂದಿದ್ದರು.

"ಔಷಧಿ ಹಚ್ಚಿದ್ರೂ ಉಣ್ಣೆ ಹಂಗೇ ಅದಾವಲ್ಲ ಮೇಡಂ" ಎಂದಳು ಅಮ್ಮ.

ಪಕ್ಕದ ಮನೆಯ ಮುನಿಶಾಮಪ್ಪ ಮಾವ ಕ್ಯಾನು ಕೆಳಗಿಟ್ಟು ನಕ್ಕರು. "ನೀನು ಹಚ್ಚೋದು ಔಷಧಿನೋ ತೀರ್ಥನೋ ಕದಿರಮ್ಮ? ಅದೇ ಔಷಧಿನ ನಾನು ಡಬಲ್ ಹಾಕ್ತೀನಿ. ಮಾರನೇ ದಿನ ತಪತಪ ಅಂತ ಉದುರ್ತಾವೆ."

"ಹೊಟ್ಟೆ ತುಂಬಿದ ಉಣ್ಣೆ ಔಷಧಿ ಇಲ್ದಿದ್ರೂ ಉದುರುತ್ತೆ ಯಜಮಾನ್ರೇ. ನೆಲಕ್ಕೆ ಬಿದ್ದು ಮೊಟ್ಟೆ ಇಡೋಕೆ" ಎಂದರು ಮೇಧಾ.

"ಸತ್ತು ಉದುರ್ತಾವಮ್ಮ! ನನ್ನ ಔಷಧಿ ಬಿದ್ದ ಉಣ್ಣೆ ಮರಿ ಮಾಡಿದ್ರೆ ಈ ಮೀಸೆ ಬೋಳಿಸ್ತೀನಿ, ಇಲ್ಲೇ, ಡೈರಿ ಮುಂದೆ."

ಅವರ ಹೆಂಡತಿ ಚಿಕ್ಕವೆಂಕಟಮ್ಮ ಎರಡೂ ಕೈ ಎತ್ತಿ ಮುಗಿದಳು. "ಮರಿ ಮಾಡ್ಲಪ್ಪ ದೇವ್ರೇ. ಅರ್ಧ ಮಜ್ಜಿಗೆ ಆ ಮೀಸೆನೇ ಕುಡಿಯುತ್ತೆ."

ಡೈರಿ ಮುಂದೆ ನಗು ಎದ್ದಿತು. ಮೇಧಾ ಮಾತ್ರ ಸುಮ್ಮನಾಗಲಿಲ್ಲ. ಮಾವನ ಹಸುವಿನಿಂದಲೇ ದಪ್ಪ ಉಣ್ಣೆಗಳನ್ನು ಕೀಳಿಸಿದರು. ಅರ್ಧದಷ್ಟನ್ನು ಮಾವನ ಔಷಧಿಯಲ್ಲಿ ಅದ್ದಿ, ಒರೆಸಿ, ಒಂದು ಬಾಟಲಿಗೆ ಹಾಕಿದರು. ಉಳಿದವನ್ನು ತಾವು ತಂದಿದ್ದ ಬೇರೆ ಜಾತಿಯ ಔಷಧಿಯಲ್ಲಿ ಅದ್ದಿ ಇನ್ನೊಂದಕ್ಕೆ ಹಾಕಿದರು. ಬಾಯಿಗೆ ತೆಳು ಬಟ್ಟೆ ಕಟ್ಟಿದರು. ಮಾವನದಕ್ಕೆ ಕೆಂಪು ದಾರ, ಮೇಡಂದಕ್ಕೆ ಬಿಳಿ ದಾರ.

"ಯಾರಿಟ್ಕೋತೀರಿ?"

"ಯಾಮಿನಿಗೆ ಕೊಡಿ" ಎಂದರು ಮಾವ. "ಅವ್ಳು ಮನುಷ್ಯರ ಹತ್ರನೇ ಮಾತಾಡಲ್ಲ. ಉಣ್ಣೆಗೇನು ಹೇಳ್ಕೊಟ್ಟಾಳು?"

ಮುಖ ಬಿಸಿಯಾಯಿತು. ಆದರೂ ಕೈ ಚಾಚಿದೆ.

ಬಾಟಲಿಗಳನ್ನು ಅಡುಗೆಮನೆಯ ಗೂಡಿನಲ್ಲಿಟ್ಟೆ. ಮಾರನೇ ದಿನದಿಂದ ನಮ್ಮ ಮನೆ ಮುಂದೆ ಹೋಗುವವರೆಲ್ಲ ಮ್ಯಾಚಿನ ಸ್ಕೋರು ಕೇಳುವಂತೆ ಕೇಳತೊಡಗಿದರು. "ಏನಮ್ಮಾ, ಮೀಸೆ ಅದಾ, ಹೋಯ್ತಾ?" ನಾನು ತಲೆ ಅಲ್ಲಾಡಿಸುತ್ತಿದ್ದೆ, ಅಷ್ಟೇ. ಎರಡರಲ್ಲೂ ಉಣ್ಣೆಗಳು ಹುರಳಿಕಾಳಿನಂತೆ ಬಿದ್ದಿದ್ದವು. ರೊಟ್ಟಿ ತಟ್ಟುವಾಗ ಒಂದು ಕಣ್ಣು ಹೆಂಚಿನ ಮೇಲೆ, ಒಂದು ಕಣ್ಣು ಗೂಡಿನ ಮೇಲೆ.

ಒಂದು ಮಧ್ಯಾಹ್ನ ಕೆಂಪು ದಾರದ ಬಾಟಲಿಯನ್ನು ಬೆಳಕಿಗೆ ಹಿಡಿದೆ. ಒಂದು ಉಣ್ಣೆಯ ಬಾಯಿಯ ಹತ್ತಿರ ಏನೋ ಮಿನುಗಿತು. ಎಣ್ಣೆ ಸವರಿದ ರಾಗಿಕಾಳಿಗಿಂತಲೂ ಚಿಕ್ಕದು. ನೋಡುತ್ತಿದ್ದಂತೆ ಅದರ ಪಕ್ಕದಲ್ಲಿ ಇನ್ನೊಂದು.

"ಅಮ್ಮಾ!"

ಹಿತ್ತಲಿನಲ್ಲಿ ಕರು ಬೆಚ್ಚಿ ಎಗರಿತು. ಅಷ್ಟು ಜೋರಾಗಿ ನಾನು ಕೂಗಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಸಂಜೆಯ ಹೊತ್ತಿಗೆ ಬೀದಿ ಪೂರ್ತಿ ನಮ್ಮ ಅಡುಗೆಮನೆಯಲ್ಲಿತ್ತು. ಉಣ್ಣೆಯ ಮುಂದೆ ಮೊಟ್ಟೆಯ ರಾಶಿ ಬೆಳೆಯುತ್ತಲೇ ಇತ್ತು. ಬಿಳಿ ದಾರದ ಬಾಟಲಿಯಲ್ಲಿ ಎಲ್ಲವೂ ಒಣಗಿ ಕಪ್ಪಗಾಗಿದ್ದವು. ಒಂದೇ ಒಂದು ಮೊಟ್ಟೆ ಇರಲಿಲ್ಲ.

ಕೆಲವು ದಿನ ಕಳೆದು ಮೊಟ್ಟೆ ಇಟ್ಟ ಉಣ್ಣೆಗಳೂ ಸುಕ್ಕಿ ಸತ್ತವು. ಮಾವ ಕುಣಿದಾಡಿಬಿಟ್ಟರು. "ಚೂಡಮ್ಮಾ, ನೋಡು! ಸತ್ತಿಲ್ವಾ? ನಾನೇ ಗೆದ್ದೆ!"

ಅಮ್ಮ ಮೇಧಾಗೆ ಫೋನು ಮಾಡಿದಳು. "ಮೊಟ್ಟೆ ಇಟ್ಟ ಮೇಲೆ ಅದು ಸಾಯಲೇಬೇಕು ಕದಿರಮ್ಮ. ಬಾಜಿ ಇರೋದು ಮರಿಗೆ. ಕಾಯ್ರಿ."

ಕಾದೆವು. ಮಾವ ದಿನಾ ಬಂದು ಮೀಸೆ ತಿರುವಿ ಬಾಟಲಿಗೆ ತೋರಿಸಿ ಹೋಗುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಬಟ್ಟೆಯ ಒಳಬದಿಯಲ್ಲಿ ಕೆಂಪು ಧೂಳು ಅಂಟಿದಂತೆ ಕಂಡಿತು. ಬಗ್ಗಿ ನೋಡಿದೆ. ನನ್ನ ಉಸಿರು ತಾಗಿದ್ದೇ ತಡ, ಆ ಧೂಳೆಲ್ಲ ಒಟ್ಟಿಗೆ ಮುಂಗಾಲು ಎತ್ತಿತು. ಹಸು ಬಂತೆಂದುಕೊಂಡವೋ ಏನೋ ಆ ಮರಿಗಳು! ಬಾಟಲಿಯನ್ನು ಎದೆಗೊತ್ತಿಕೊಂಡು ಚಪ್ಪಲಿಯಿಲ್ಲದೆ ಡೈರಿಗೆ ಓಡಿದೆ.

ಮೇಧಾ ಬರುವಷ್ಟರಲ್ಲಿ ಜಾತ್ರೆಯೇ ಸೇರಿತ್ತು. "ನೂರು ಉಣ್ಣೆಲಿ ಒಂದೆರಡು ಗಟ್ಟಿ ಇರ್ತಾವೆ" ಎಂದರು ಅವರು. "ಔಷಧಿ ಹಚ್ಚಿದ್ರೂ ಸಾಯದೆ ಉಳಿದವೇ ಮೊಟ್ಟೆ ಇಡ್ತಾವೆ. ಮಕ್ಕಳೂ ಗಟ್ಟಿ. ವರ್ಷಗಟ್ಟಲೆ ಎಲ್ರೂ ಒಂದೇ ಔಷಧಿ ಹಚ್ಚಿದ್ರಿ, ಈಗ ಊರಲ್ಲಿ ಗಟ್ಟಿಯವೇ ತುಂಬಿದಾವೆ."

"ಹಂಗಾದ್ರೆ ಮೂರು ಪಟ್ಟು ಹಾಕಿದ್ರೆ?" ಎಂದರು ಮಾವ.

"ಮೊದ್ಲು ನಿಮ್ಮ ಹಸು ಸಾಯುತ್ತೆ. ಔಷಧಿನೇ ಬದಲಾಯಿಸ್ಬೇಕು. ದನಕ್ಕೆ ನಾನು ಹೇಳಿದಷ್ಟೇ ಅಳತೆ, ಕೊಟ್ಟಿಗೆ ಗೋಡೆ ಸಂದಿಗೂ ಹೊಡೀಬೇಕು. ಎಲ್ಲ ಮನೆಯವ್ರೂ ಒಟ್ಟಿಗೆ. ಇಲ್ದಿದ್ರೆ ಪಕ್ಕದ ಕೊಟ್ಟಿಗೆಯಿಂದ ಮತ್ತೆ ಬರ್ತಾವೆ."

ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಆಗಲೇ ಚಿಕ್ಕವೆಂಕಟಮ್ಮ ರೇಜರು ಹಿಡಿದು ಬಂದಿದ್ದಳು. ಕೇಕೆ, ಸಿಳ್ಳೆ, ಎತ್ತಿದ ಮೊಬೈಲುಗಳು. ಮಾವ ಕಲ್ಲಿನ ಮೇಲೆ ಕೂತು ನಗುತ್ತಲೇ ಮುಖ ಒಡ್ಡಿದರು. ಅರ್ಧ ಮೀಸೆ ಹೋದಾಗ ನಾನೂ ಹೊಟ್ಟೆ ಹಿಡಿದು ನಕ್ಕೆ.

ನಗುತ್ತಿದ್ದಂತೆಯೇ ನಮ್ಮ ಕೊಟ್ಟಿಗೆ ಕಣ್ಣ ಮುಂದೆ ಬಂತು. ಮಾವನ ಕೊಟ್ಟಿಗೆಗೂ ನಮ್ಮದಕ್ಕೂ ನಡುವೆ ಇರುವುದು ಒಂದೇ ಕಲ್ಲಿನ ಗೋಡೆ. ಅದರ ತುಂಬ ಸಂದಿ. ಆ ಗೋಡೆಗೇ ನನ್ನ ಕರು ಮೈ ಉಜ್ಜುವುದು.

ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋಗಿ ನಿಂತೆ. ಗುಂಪಿನೆದುರು ನಾನು ಬಾಯಿ ಬಿಟ್ಟದ್ದು ಅದೇ ಮೊದಲು.

"ಮಾವ, ಎಲ್ರೂ ಒಂದೇ ದಿನ ಔಷಧಿ ಬದಲಾಯಿಸಣ. ಗೋಡೆಗೂ ಹೊಡೆಯಣ."

ಮಾವ ಉಳಿದರ್ಧ ಮೀಸೆಯನ್ನು ಕ್ಯಾಮೆರಾಗಳಿಗೆ ತೋರಿಸುತ್ತಿದ್ದರು. ಹಾಲಿನ ಲಾರಿ ಹಾರ್ನ್ ಹೊಡೆಯಿತು. ಜನ ಕ್ಯಾನುಗಳತ್ತ ತಿರುಗಿದರು.

"ನಮ್ಮ ಗೋಡೆಗಾದ್ರೂ, ಆ ಕಡೆಯಿಂದ ನೀವು ಹೊಡೀರಿ ಮಾವ" ಎಂದೆ, ಇನ್ನೂ ಜೋರಾಗಿ. "ನನ್ನ ಕರು ಉಳೀಬೇಕು."